ಮೊದಲು ಬೆಳಕು, ಆಮೇಲೆ ಬಣ್ಣ

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ತಮ್ಮ ಕೆಲಸವನ್ನು ಮೊದಲ ಸಲ ಅಚ್ಚಿನಲ್ಲಿ ಕಂಡಾಗ ಆಡುವ ಮಾತು ಹೆಚ್ಚುಕಡಿಮೆ ಒಂದೇ: "ಪ್ರೆಸ್ಸಿನವರು ಕಪ್ಪು ಮಾಡಿಬಿಟ್ಟರು ಸರ್." ಪರದೆಯ ಮೇಲೆ ದೀಪದ ಬೆಳಕಿನಲ್ಲಿ ಕಳೆಕಳೆಯಾಗಿದ್ದ ಅಜ್ಜಿಯ ಮುಖ ಪುಸ್ತಕದಲ್ಲಿ ಮಂಕಾಗಿರುತ್ತದೆ. ಗಂಟೆಗಟ್ಟಲೆ ಕೂತು ತಿದ್ದಿದ ಸೀರೆಯ ನೆರಿಗೆಗಳೆಲ್ಲ ಒಂದೇ ಕಪ್ಪು ಮುದ್ದೆಯಾಗಿರುತ್ತವೆ. ಪ್ರೆಸ್ಸಿನವರ ತಪ್ಪು ಇರುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಬಹುಪಾಲು ಸಲ ಚಿತ್ರ ಮನೆಯಲ್ಲೇ ಕಪ್ಪಾಗಿರುತ್ತದೆ. ವಿಪರೀತ ಬೆಳಗುವ ಮಾನಿಟರ್ ಅದನ್ನು ಕಾಣದಂತೆ ಮಾಡಿರುತ್ತದೆ, ಅಷ್ಟೆ.

ಮಾನಿಟರಿನ ಬೆಳಕನ್ನು ಅಳೆಯುವ ಮಾನ ಚದರ ಮೀಟರಿಗೆ ಕ್ಯಾಂಡೆಲಾ. ಬಳಕೆಯಲ್ಲಿ ನಿಟ್ ಅನ್ನುತ್ತಾರೆ. ಅಂಗಡಿಯಿಂದ ತಂದ ಹೊಸ ಮಾನಿಟರ್ ಸಾಮಾನ್ಯವಾಗಿ 250ರಿಂದ 350 ನಿಟ್‌ವರೆಗೆ ಉರಿಯಬಲ್ಲದು, ಮತ್ತು ಕಾರ್ಖಾನೆಯವರು ಅದನ್ನು ಆ ಮಟ್ಟದ ಹತ್ತಿರವೇ ಇಟ್ಟು ಕಳಿಸುತ್ತಾರೆ. ಹತ್ತು ಮಾನಿಟರುಗಳ ಸಾಲಿನಲ್ಲಿ ಗಿರಾಕಿಯ ಕಣ್ಣು ಹೋಗುವುದು ಜಾಸ್ತಿ ಬೆಳಗುವುದರ ಕಡೆಗೇ ಅಲ್ಲವೇ. ಚಿತ್ರದ ಕೆಲಸಕ್ಕೆ ಬೇಕಾದದ್ದು 80ರಿಂದ 120 ನಿಟ್. ಅಂದರೆ ನೀವು ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಬೆಳಕಿನಲ್ಲಿ ಕೂತು ಬಣ್ಣ ಹಾಕುತ್ತಿದ್ದೀರಿ. ಅಷ್ಟು ಬೆಳಕಿದ್ದಾಗ ಕೈ ತಾನಾಗಿ ಗಾಢ ಬಣ್ಣಗಳ ಕಡೆಗೆ ಹೋಗುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದು ನಿಮ್ಮ ಗಾಢವನ್ನು ಗಾಢವಾಗಿಯೇ ತೋರಿಸುತ್ತದೆ.

ಕ್ಯಾಲಿಬ್ರೇಷನ್ ಎಂದೊಡನೆ ಹೊಸಬರು ಬಣ್ಣದ ಬಗ್ಗೆ, ಅದಕ್ಕೆ ಬೇಕಾದ ಯಂತ್ರದ ಬಗ್ಗೆ, ಅದರ ಬೆಲೆಯ ಬಗ್ಗೆ ಕೇಳುತ್ತಾರೆ. ಅದೆಲ್ಲ ಬರುತ್ತದೆ. ಆದರೆ ಕಾಸು ಬಿಚ್ಚದೆ ಸಿಗುವ ಸುಧಾರಣೆಯೇ ಇದರಲ್ಲಿ ದೊಡ್ಡದು, ಮತ್ತು ಅದೆಲ್ಲ ಬೆಳಕಿಗೆ ಸಂಬಂಧಪಟ್ಟದ್ದು. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಅದಕ್ಕೂ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ. ಫೈಲಿನೊಳಗೆ ಬಣ್ಣ ಇರುವುದಿಲ್ಲ, ಅಂಕಿ ಇರುತ್ತದೆ. ಹಣೆಯ ಕುಂಕುಮಕ್ಕೆ ನೀವು ಆರಿಸಿದ ಬಣ್ಣ ಕಂಪ್ಯೂಟರಿನ ಪಾಲಿಗೆ ಕೆಂಪು 190, ಹಸಿರು 20, ನೀಲಿ 35 ಎಂಬ ಮೂರು ಸಂಖ್ಯೆಗಳು. ಒಂದೊಂದೂ 0ಯಿಂದ 255ರವರೆಗೆ ಇರಬಹುದು. 190ರಷ್ಟು ಕೆಂಪು ಎಂದರೆ ನಿಜವಾಗಿ ಎಷ್ಟು ಬೆಳಕು, ಎಂಥ ಕೆಂಪು ಎಂಬುದನ್ನು ಆಯಾ ಮಾನಿಟರ್ ತನ್ನ ದೀಪ, ತನ್ನ ಫಿಲ್ಟರುಗಳಿಗೆ ತಕ್ಕಂತೆ ತೋರಿಸುತ್ತದೆ. ಒಂದೇ ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಕುಂಕುಮ, ಗೆಳೆಯನ ಕಂಪ್ಯೂಟರಿನಲ್ಲಿ ಇಟ್ಟಿಗೆ.

ಹಾಗಾದರೆ ಕಣ್ಣಿಟ್ಟು ನೋಡಿ ಸರಿಮಾಡಿಕೊಂಡರಾಯಿತು ಎನ್ನಬಹುದು. ತೊಡಕಿರುವುದೇ ಅಲ್ಲಿ. ಸಂಜೆ ಹಳದಿ ಬಲ್ಬಿನ ಕೆಳಗೆ ಬಿಳಿ ಪಂಚೆ ಬಿಳಿಯಾಗಿಯೇ ಕಾಣುತ್ತದೆ, ಮಧ್ಯಾಹ್ನ ಅಂಗಳದಲ್ಲೂ ಬಿಳಿಯೇ. ಎರಡು ಕಡೆಯೂ ಕಣ್ಣಿಗೆ ಬರುವ ಬೆಳಕು ತೀರಾ ಬೇರೆ. ಆದರೆ ಕಣ್ಣೂ ಮಿದುಳೂ ಸೇರಿ ಅದನ್ನು ಸದ್ದಿಲ್ಲದೆ ಹೊಂದಿಸಿಬಿಡುತ್ತವೆ. ನಿತ್ಯದ ಬದುಕಿಗೆ ಇದು ವರ, ಮಾನಿಟರಿನ ಪರೀಕ್ಷೆಗೆ ಶಾಪ. ನೀಲಿಗಟ್ಟಿದ ಪರದೆಯನ್ನು ಹತ್ತು ನಿಮಿಷ ನೋಡುತ್ತ ಕೂತರೆ ಅದೇ ಶುದ್ಧ ಬಿಳಿ ಅನ್ನಿಸತೊಡಗುತ್ತದೆ.

ಅದಕ್ಕೇ ಎಲ್ಲರಿಗೂ ಒಪ್ಪಿಗೆಯಾಗುವ ಒಂದು 'ಸರಾಸರಿ ಕಣ್ಣು' ಬೇಕಾಯಿತು. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಎಂಬ ಇಬ್ಬರು ಬೇರೆಬೇರೆಯಾಗಿ ಒಂದು ಪ್ರಯೋಗ ಮಾಡಿದರು. ಒಂದು ಬಣ್ಣದ ಬೆಳಕನ್ನು ತೋರಿಸುವುದು, ಪಕ್ಕದಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ ಅದಕ್ಕೆ ಸರಿಹೊಂದಿಸಲು ಹೇಳುವುದು. ರೈಟ್ ಅವರ ಪ್ರಯೋಗದಲ್ಲಿ 10 ಜನ ಕೂತಿದ್ದರು, ಗಿಲ್ಡ್ ಅವರದರಲ್ಲಿ 7 ಜನ. ಆ 17 ಜನರ ನೋಟದ ಆಧಾರದ ಮೇಲೆ ಬೆಳಕಿನ ಅಂತರರಾಷ್ಟ್ರೀಯ ಆಯೋಗವಾದ ಸಿಐಇ 1931ರಲ್ಲಿ ಬಣ್ಣ ಅಳೆಯುವ ಪದ್ಧತಿಯನ್ನು ನಿಗದಿ ಮಾಡಿತು. ಇವತ್ತು ಮಾನಿಟರಿಗೆ ನೇತುಹಾಕುವ ಅಳತೆಯ ಸಾಧನ ಅನುಕರಿಸುವುದು ಆ ಸರಾಸರಿ ನೋಟವನ್ನೇ. ಹದಿನೇಳೇ ಜನರೇ ಎಂದು ಆಶ್ಚರ್ಯವಾಗಬಹುದು. ನನಗೂ ಆಗುತ್ತದೆ.

ಇಲ್ಲಿ ಎರಡು ಪದಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಜನ ಎರಡನ್ನೂ ಕಲಸಿಯೇ ಆಡುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿಯನ್ನು ನೆನೆಸಿಕೊಳ್ಳಿ. ಖಾಲಿ ತಟ್ಟೆಗಳು ಸಮನಾಗಿ ನಿಲ್ಲುವಂತೆ ಸರಿಪಡಿಸುವುದು ಕ್ಯಾಲಿಬ್ರೇಷನ್. ಎಷ್ಟು ಸರಿಪಡಿಸಿದರೂ ಕೇಜಿಗೆ ಇಪ್ಪತ್ತು ಗ್ರಾಂ ಜಾಸ್ತಿ ತೋರಿಸುತ್ತದೆ ಎಂದು ಗೊತ್ತಾದರೆ ಅದನ್ನೊಂದು ಚೀಟಿಯಲ್ಲಿ ಬರೆದು ಅಂಟಿಸುತ್ತೀರಿ. ಆ ಚೀಟಿ ಪ್ರೊಫೈಲ್. ಫೋಟೋಶಾಪ್, ಕ್ರಿಟಾದಂಥ ತಂತ್ರಾಂಶಗಳು ಈ ಚೀಟಿಯನ್ನು ಓದಿ, ಮಾನಿಟರಿನ ಉಳಿದ ದೋಷವನ್ನು ಲೆಕ್ಕಕ್ಕೆ ತೆಗೆದುಕೊಂಡು ಬಣ್ಣ ತೋರಿಸುತ್ತವೆ. ಚೀಟಿ ಬರೆಯುವ ಕ್ರಮ ಎಲ್ಲರದೂ ಒಂದೇ ಇರಲಿ ಎಂದು 1993ರಲ್ಲಿ ಅಡೋಬಿ, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು ಸೇರಿ ಐಸಿಸಿ ಎಂಬ ಒಕ್ಕೂಟ ಕಟ್ಟಿಕೊಂಡವು. ಐಸಿಸಿ ಪ್ರೊಫೈಲ್ ಎಂಬ ಹೆಸರು ಬಂದದ್ದು ಹಾಗೆ. ಇನ್ನೊಬ್ಬರ ಮಾನಿಟರಿನ ಪ್ರೊಫೈಲನ್ನು, ಮಾಡೆಲ್ ಒಂದೇ ಆದರೂ, ತಂದು ಹಾಕಿಕೊಳ್ಳಬೇಡಿ. ಒಂದೇ ಕಾರ್ಖಾನೆಯಿಂದ ಬಂದ ಎರಡು ಪ್ಯಾನೆಲ್‌ಗಳೂ ಒಂದೇ ಥರ ಇರುವುದಿಲ್ಲ.

ಇನ್ನು ಕೆಲಸಕ್ಕೆ ಕೈ ಹಾಕೋಣ. ಮಾನಿಟರ್ ಮುಟ್ಟುವ ಮೊದಲು ಕೋಣೆಯನ್ನು ನೋಡಿ.

ಕಿಟಕಿಯ ಬಿಸಿಲು ನೇರವಾಗಿ ಪರದೆಗೆ ಬೀಳಬಾರದು, ನಿಮ್ಮ ಬೆನ್ನ ಹಿಂದಿನಿಂದಲೂ ಬರಬಾರದು. ಕಿಟಕಿ ಪಕ್ಕಕ್ಕಿದ್ದರೆ ಒಳ್ಳೆಯದು. ಬೆಳಿಗ್ಗೆ ಹತ್ತಕ್ಕೂ ಸಂಜೆ ಆರಕ್ಕೂ ಕೋಣೆಯ ಬೆಳಕು ಪೂರ್ತಿ ಬದಲಾಗುತ್ತದಾದ್ದರಿಂದ ಕಿಟಕಿಗೆ ಪರದೆ ಎಳೆದು, ಒಂದೇ ದೀಪ ಹಾಕಿ ಕೂರುವುದು ಲೇಸು. ನಮ್ಮ ಮನೆಗಳ ಎಲ್‌ಇಡಿ ಟ್ಯೂಬ್‌ಲೈಟುಗಳ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಕೂಲ್ ಡೇಲೈಟ್, 6500 ಕೆಲ್ವಿನ್ ಎಂದು ಬರೆದಿರುತ್ತದೆ. ಮಾನಿಟರಿನ ಬಿಳಿಗೆ ನಾವು ಗುರಿಯಾಗಿಟ್ಟುಕೊಳ್ಳುವ ಸಂಖ್ಯೆಯೂ ಇದೇ ಆದ್ದರಿಂದ ಕೋಣೆಗೂ ಪರದೆಗೂ ತಕ್ಕಮಟ್ಟಿಗೆ ಹೊಂದುತ್ತದೆ. ಎದುರಿಗಿನ ಗೋಡೆ ಗಿಳಿಹಸಿರೋ ಕಿತ್ತಳೆಯೋ ಆಗಿದ್ದರೆ ಕಣ್ಣು ಅದರ ವಿರುದ್ಧ ಬಣ್ಣದ ಕಡೆಗೆ ವಾಲುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆಗೆ ಬಣ್ಣ ಹೊಡೆಸಲಾಗದಿದ್ದರೆ ಮಾನಿಟರಿನ ಹಿಂದೆ ಬೂದು ಬಣ್ಣದ ಬಟ್ಟೆಯೊಂದನ್ನು ಇಳಿಬಿಡಿ. ಕಂಪ್ಯೂಟರಿನ ಡೆಸ್ಕ್‌ಟಾಪ್ ಚಿತ್ರವನ್ನೂ ತೆಗೆದು ಬರೀ ಬೂದು ಇಡಿ. ದೇವರ ಫೋಟೋ ಹಾಕಿಕೊಂಡವರು ಬೇಸರಿಸಬಾರದು. ಅದಕ್ಕೆ ಗೋಡೆಯೇ ಸರಿಯಾದ ಜಾಗ.

ಆಮೇಲೆ, ನಿಮಗೆ ಹೇಳದೆ ಬಣ್ಣ ಬದಲಿಸುವ ಎಲ್ಲವನ್ನೂ ಆಫ್ ಮಾಡಿ. ವಿಂಡೋಸಿನ ನೈಟ್ ಲೈಟ್, ಮ್ಯಾಕ್‌ನ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್, ಮಾನಿಟರಿನ ವಿವಿಡ್, ಗೇಮ್, ಇಕೊ ಮೋಡುಗಳು, ಡೈನಾಮಿಕ್ ಕಾಂಟ್ರಾಸ್ಟ್, ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಏರಿಳಿಯುವ ಬ್ರೈಟ್‌ನೆಸ್. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಕೆಲಸ ಮಾಡಿ. ಬ್ಯಾಟರಿಯಲ್ಲಿ ಓಡುವಾಗ ಕೆಲವು ಯಂತ್ರಗಳು ವಿದ್ಯುತ್ ಉಳಿಸಲೆಂದು ಕಾಂಟ್ರಾಸ್ಟನ್ನೂ ತಿದ್ದುತ್ತವೆ. ಮಾನಿಟರ್ ಹಾಕಿ ಅರ್ಧ ಗಂಟೆ ಬಿಡಿ. ದೀಪ ಬಿಸಿಯೇರಿ ಒಂದು ಮಟ್ಟಕ್ಕೆ ನಿಲ್ಲುವವರೆಗೆ ಯಾವ ಅಳತೆಯೂ ನಂಬಿಕೆಗೆ ತಕ್ಕುದಲ್ಲ.

ಈಗ ಬ್ರೈಟ್‌ನೆಸ್. ಪರದೆಯ ತುಂಬ ಖಾಲಿ ಬಿಳಿ ಪುಟ ತೆರೆಯಿರಿ. ಕೋಣೆಯ ದೀಪ ಬೀಳುವಂತೆ ಒಂದು ಬಿಳಿ ಕಾಗದವನ್ನು ಮಾನಿಟರಿನ ಪಕ್ಕದಲ್ಲಿ ಹಿಡಿಯಿರಿ. ಪರದೆ ದೀಪದಂತೆ ಉರಿಯುತ್ತಿದೆ, ಕಾಗದ ಬೂದಿಯಂತಿದೆ ಎನ್ನಿಸಿದರೆ ಬ್ರೈಟ್‌ನೆಸ್ ಇಳಿಸುತ್ತ ಬನ್ನಿ. ಎರಡೂ ಒಂದೇ ಮೇಜಿನ ಮೇಲಿನ ಎರಡು ಹಾಳೆಗಳು ಎನ್ನಿಸುವ ಹೊತ್ತಿಗೆ ನೀವು ಬೇಕಾದ ಮಟ್ಟದ ಆಸುಪಾಸಿಗೆ ಬಂದಿರುತ್ತೀರಿ. ಕತ್ತಲಾಯಿತು, ಕಣ್ಣು ಕಾಣುವುದಿಲ್ಲ ಎಂದು ಎಲ್ಲರೂ ಗೊಣಗುತ್ತಾರೆ. ಹದಿನೈದು ನಿಮಿಷ ತಾಳಿ.

ಮುಂದೆ ಕಪ್ಪಿನ ಪರೀಕ್ಷೆ. ಹೊಸ ಕ್ಯಾನ್‌ವಾಸ್ ತೆರೆದು ಪೂರ್ತಿ 0 ಕಪ್ಪು ತುಂಬಿ. ಅದರ ಮೇಲೆ ಸಾಲಾಗಿ ನಾಲ್ಕು ಚೌಕ ಬರೆದು ಮೂರೂ ಅಂಕಿಗಳನ್ನು 5, 10, 15, 20 ಎಂದು ಕೊಡಿ. ಇನ್ನೊಂದರಲ್ಲಿ 255 ಬಿಳಿ ತುಂಬಿ 250, 245, 240ರ ಚೌಕಗಳನ್ನಿಡಿ. ಸರಿಯಾಗಿರುವ ಮಾನಿಟರಿನಲ್ಲಿ 10ರ ಚೌಕ ಕಷ್ಟಪಟ್ಟಾದರೂ ಕಾಣಬೇಕು, 15 ಮತ್ತು 20 ನಿರಾಯಾಸವಾಗಿ ಕಾಣಬೇಕು. ಬಿಳಿಯಲ್ಲಿ 250 ತುಸುವಾದರೂ ಬೇರೆಯೆನಿಸಬೇಕು. ಬಿಳಿಯ ಚೌಕಗಳು ಒಂದಕ್ಕೊಂದು ಬೆರೆತುಹೋದರೆ ಕಾಂಟ್ರಾಸ್ಟ್ ಜಾಸ್ತಿಯಾಗಿದೆ, ಇಳಿಸಿ. ಕಪ್ಪಿನಲ್ಲಿ 15 ಕೂಡ ಕಾಣದಿದ್ದರೆ ಎಚ್‌ಡಿಎಂಐ ಕೇಬಲ್ಲಿನ ಕಡೆ ಗಮನ ಕೊಡಿ. ಟಿವಿ ಲೋಕದ ಹಳೆಯ ರೂಢಿಯಲ್ಲಿ 16 ಎಂದರೆ ಪೂರ್ಣ ಕಪ್ಪು, 235 ಎಂದರೆ ಪೂರ್ಣ ಬಿಳಿ. ಕಂಪ್ಯೂಟರ್ 0ಯಿಂದ 255ರವರೆಗೆ ಕಳಿಸುತ್ತಿದ್ದು ಮಾನಿಟರ್ ತಾನು ಟಿವಿ ಎಂದುಕೊಂಡಿದ್ದರೆ 16ಕ್ಕಿಂತ ಕೆಳಗಿನದೆಲ್ಲ ನುಂಗಿಹೋಗುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ ಮತ್ತು ಮಾನಿಟರ್ ಎರಡರಲ್ಲೂ ರೇಂಜ್ 'ಫುಲ್' ಎಂದಿರಲಿ. ಸೀರೆಯ ನೆರಿಗೆಗಳು ಮಾಯವಾಗುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ.

ಕಪ್ಪು ಬಿಳಿಗಳ ನಡುವಿನ ಹಾದಿಗೆ ಗ್ಯಾಮಾ ಎಂದು ಹೆಸರು. 128 ಎಂದರೆ 255ರ ಅರ್ಧ. ಆದರೆ ಮಾನಿಟರ್ ಆಗ ಅರ್ಧ ಬೆಳಕು ಕೊಡುವುದಿಲ್ಲ, ಸುಮಾರು ಶೇ. 22ರಷ್ಟು ಮಾತ್ರ ಕೊಡುತ್ತದೆ. ಕತ್ತಲೆಯ ಸಣ್ಣ ವ್ಯತ್ಯಾಸಗಳನ್ನು ನಮ್ಮ ಕಣ್ಣು ಬೆಳಕಿನ ವ್ಯತ್ಯಾಸಗಳಿಗಿಂತ ಚೆನ್ನಾಗಿ ಗುರುತಿಸುತ್ತದಾದ್ದರಿಂದ ಈ ಏರ್ಪಾಡು. ಇದರ ವಾಡಿಕೆಯ ಗುರಿ 2.2. ಮನೆಯಲ್ಲೇ ಪರೀಕ್ಷಿಸಲು ಸೊಗಸಾದ ಉಪಾಯವೊಂದಿದೆ. ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಹೀಗೆ ಅಡ್ಡಗೆರೆಗಳನ್ನು ಎಳೆದು ಒಂದು ಪಟ್ಟಿ ಮಾಡಿ. ಅದಕ್ಕೆ ಅಂಟಿಕೊಂಡಂತೆ ಮೂರೂ ಅಂಕಿ 186 ಇರುವ ಬೂದು ಪಟ್ಟಿ ಇಡಿ. ಚಿತ್ರವನ್ನು ಹಿಗ್ಗಿಸದೆ ಕುಗ್ಗಿಸದೆ ಶೇ. 100ರ ಗಾತ್ರದಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ. ಗೆರೆಗಳ ಪಟ್ಟಿ ನಿಜವಾಗಿಯೂ ಅರ್ಧ ಬೆಳಕು ಕೊಡುತ್ತದೆ, ಗ್ಯಾಮಾ 2.2 ಇದ್ದರೆ 186ರ ಬೂದೂ ಅಷ್ಟೇ ಕೊಡುತ್ತದೆ. ಎರಡೂ ಒಂದರೊಳಗೊಂದು ಕರಗಿದಂತೆ ಕಂಡರೆ ಸೈ. ಬೂದು ಪಟ್ಟಿ ಗಾಢವಾಗಿ ಕಂಡರೆ ಗ್ಯಾಮಾ ಹೆಚ್ಚಾಗಿದೆ, ತಿಳಿಯಾಗಿ ಕಂಡರೆ ಕಡಿಮೆಯಾಗಿದೆ. ಹಾಗೇ ತಲೆಯನ್ನು ಮೇಲೆ ಕೆಳಗೆ ಆಡಿಸಿ. ಪಟ್ಟಿಗಳ ನಂಟು ಅಷ್ಟಕ್ಕೇ ಬಿಟ್ಟುಹೋದರೆ ನಿಮ್ಮದು ಬಹುಶಃ ಟಿಎನ್ ಜಾತಿಯ ಪ್ಯಾನೆಲ್. ಅದರಲ್ಲಿ ಪರದೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬಣ್ಣ ಒಂದೇ ಇರುವುದಿಲ್ಲ. ಹೊಸದು ಕೊಳ್ಳುವಾಗ ಐಪಿಎಸ್ ಕೇಳಿ.

ಬಿಳಿಯ ಬಣ್ಣಕ್ಕೆ ಗುರಿ ಡಿ65, ಅಂದರೆ ಸುಮಾರು 6500 ಕೆಲ್ವಿನ್. ಮಾನಿಟರಿನ ಮೆನುವಿನಲ್ಲಿ ವಾರ್ಮ್, ನಾರ್ಮಲ್, ಕೂಲ್ ಎಂದೋ ನೇರವಾಗಿ 6500 ಎಂದೋ ಇರುತ್ತದೆ. ಕೂಲ್ ಮಾತ್ರ ಬೇಡ. ಎಸ್‌ಆರ್‌ಜಿಬಿ ಎಂಬ ಮೋಡ್ ಇದ್ದರೆ ಕಣ್ಣುಮುಚ್ಚಿ ಅದನ್ನೇ ಆರಿಸಿ. ಯಂತ್ರವಿಲ್ಲದ ಆರಂಭಿಕರಿಗೆ ಅದಕ್ಕಿಂತ ಸುರಕ್ಷಿತ ದಾರಿ ಇಲ್ಲ.

ಇಷ್ಟಾದ ಮೇಲೂ ಕಣ್ಣಿಗೆ ಸಿಕ್ಕದ ದೋಷಗಳು ಉಳಿಯುತ್ತವೆ. ಬೂದು ಬಣ್ಣದಲ್ಲಿ ಎಲ್ಲೋ ಒಂದೆಳೆ ಗುಲಾಬಿ, ನೆರಳಿನಲ್ಲಿ ಇಷ್ಟು ಹಸಿರು. ಇಲ್ಲಿಂದ ಮುಂದೆ ಯಂತ್ರ ಬೇಕು. ಡೇಟಾಕಲರ್ ಕಂಪನಿಯ ಸ್ಪೈಡರ್, ಕ್ಯಾಲಿಬ್ರೈಟ್ ಕಂಪನಿಯ ಸಾಧನಗಳು ಹೆಚ್ಚು ಬಳಕೆಯಲ್ಲಿವೆ. ಆರ್ಗಿಲ್ ಸಿಎಂಎಸ್, ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ತಂತ್ರಾಂಶಗಳೊಂದಿಗೂ ಇವುಗಳಲ್ಲಿ ಹಲವನ್ನು ಓಡಿಸಬಹುದು. ತಿಂಗಳಿಗೊಮ್ಮೆ ಬಳಸುವ ವಸ್ತುವಿಗೆ ಒಬ್ಬರೇ ಅಷ್ಟು ದುಡ್ಡು ಹಾಕುವುದು ಅನಗತ್ಯ. ನಾಲ್ಕೈದು ಜನ ಚಿತ್ರಕಾರರು ಸೇರಿ ಒಂದನ್ನು ಕೊಂಡು ಹಂಚಿಕೊಂಡರೆ ಸಾಕು.

ಸಾಧನ ಅಂಗೈಯಲ್ಲಿ ಹಿಡಿಸುವಷ್ಟಿರುತ್ತದೆ. ಅದರ ಯುಎಸ್‌ಬಿ ತಂತಿಯಲ್ಲಿ ಅತ್ತಿತ್ತ ಜಾರುವ ಒಂದು ತೂಕವಿರುತ್ತದೆ. ತೂಕವನ್ನು ಮಾನಿಟರಿನ ಹಿಂಬದಿಗೆ ಇಳಿಬಿಟ್ಟರೆ ಮುಂದೆ ಸಾಧನ ಪರದೆಯ ನಡುವೆ ತೂಗಿ ನಿಲ್ಲುತ್ತದೆ. ಮಾನಿಟರನ್ನು ತುಸು ಹಿಂದಕ್ಕೆ ವಾಲಿಸಿ, ಸಾಧನ ಪರದೆಗೆ ಸಂದಿಲ್ಲದೆ ಅಂಟಿ ಕೂರಬೇಕು. ತಂತ್ರಾಂಶ ಗುರಿ ಕೇಳುತ್ತದೆ: ಬೆಳಕು 100 ಅಥವಾ 120, ಬಿಳಿ ಡಿ65, ಗ್ಯಾಮಾ 2.2. ಮೊದಲು ಮಾನಿಟರಿನ ಮೆನುವಿನಲ್ಲಿರುವ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಏರಿಸಿ ಇಳಿಸಿ ಬಿಳಿಯನ್ನು ಸರಿಮಾಡಲು ಹೇಳುತ್ತದೆ. ಆಮೇಲೆ ನಿಮಗೇನೂ ಕೆಲಸವಿಲ್ಲ. ಸಾಧನದ ಕೆಳಗೆ ಕಪ್ಪು, ಬೂದು, ಕೆಂಪು, ಹಸಿರು ಚೌಕಗಳು ಒಂದಾದ ಮೇಲೊಂದು ಮೂಡುತ್ತ ಹೋಗುತ್ತವೆ. ಕಳಿಸಿದ ಅಂಕಿಗೂ ಬಂದ ಬೆಳಕಿಗೂ ಇರುವ ಅಂತರವನ್ನು ತಂತ್ರಾಂಶ ಬರೆದುಕೊಳ್ಳುತ್ತದೆ. ಕೊನೆಗೆ ಪ್ರೊಫೈಲ್ ಸಿದ್ಧವಾಗಿ, ಉಳಿದ ದೋಷವನ್ನು ಡೆಲ್ಟಾ ಇ ಎಂಬ ಅಂಕಿಯಲ್ಲಿ ತೋರಿಸುತ್ತದೆ. ಸರಾಸರಿ 2ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿಯಾಗಿರಿ.

ಆಗ 'ಮೊದಲು–ಆಮೇಲೆ' ತೋರಿಸುವ ಗುಂಡಿಯೊಂದು ಬರುತ್ತದೆ. ಅದನ್ನೊತ್ತಿದ ಪ್ರತಿ ವಿದ್ಯಾರ್ಥಿಯೂ ಮುಖ ಸಿಂಡರಿಸುತ್ತಾನೆ. "ಹಳದಿ ಆಯ್ತಲ್ಲ ಸರ್, ಮೊದಲೇ ಚೆನ್ನಾಗಿತ್ತು." ನಾನು ವಾದಕ್ಕೆ ಇಳಿಯುವುದಿಲ್ಲ, ಚಹಾ ಕುಡಿದು ಬಾ, ಹೊಸ ಬಿಳಿಯಲ್ಲೇ ಸ್ವಲ್ಪ ಹೊತ್ತು ಕೆಲಸ ಮಾಡು ಎನ್ನುತ್ತೇನೆ. ಆಮೇಲೆ ಅದೇ ಗುಂಡಿ ಒತ್ತಿದರೆ ಹಳೆಯ ಪರದೆ ನೀಲಿ ಅದ್ದಿದಂತೆ ಕಾಣುತ್ತದೆ. ಪ್ರೊಫೈಲ್ ಆದ ಮೇಲೆ ಮಾನಿಟರಿನ ಗುಂಡಿಗಳನ್ನು ಮುಟ್ಟಬಾರದು, ಮುಟ್ಟಿದರೆ ಮತ್ತೆ ಮೊದಲಿಂದ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದಾಗ ಪ್ರೊಫೈಲ್ ಜಾಗದಲ್ಲೇ ಇದೆಯೇ ನೋಡಿಕೊಳ್ಳಿ.

ಕ್ಯಾಲಿಬ್ರೇಷನ್ ಮಾಡಲಾಗದ್ದೂ ಒಂದಿದೆ: ಪ್ಯಾನೆಲ್‌ಗೆ ಬಾರದ ಬಣ್ಣವನ್ನು ಅದು ತರಲಾರದು. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟು, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿ, ಬಣ್ಣಗಳ ವ್ಯಾಪ್ತಿಗೆ ಇಂದಿಗೂ ಸಾಮಾನ್ಯ ಗೆರೆ. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ ಎನ್‌ಟಿಎಸ್‌ಸಿ ಶೇ. 45 ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎನ್‌ಟಿಎಸ್‌ಸಿ ಎಂಬುದು ಬಣ್ಣಗಳ ವ್ಯಾಪ್ತಿಗೆ ಇನ್ನೊಂದು ಗೆರೆ. ಎಸ್‌ಆರ್‌ಜಿಬಿಯ ಪೂರ್ತಿ ವ್ಯಾಪ್ತಿ ಎಂದರೆ ಎನ್‌ಟಿಎಸ್‌ಸಿಯ ಸುಮಾರು ಶೇ. 72. ಲೆಕ್ಕ ಹಾಕಿದರೆ ಆ ಲ್ಯಾಪ್‌ಟಾಪು ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗದ ಆಸುಪಾಸನ್ನಷ್ಟೇ ತೋರಿಸುತ್ತದೆ. ಯಕ್ಷಗಾನದ ವೇಷದ ಕೆಂಪನ್ನು ಅದರಲ್ಲಿ ಹುಡುಕಿ ಅಂಕಿ ಏರಿಸುತ್ತ ಹೋದರೆ, ಒಳ್ಳೆಯ ಪರದೆಯಲ್ಲಿ ಅದು ಕಣ್ಣು ಕುಕ್ಕುತ್ತದೆ. ಇನ್ನು ಮೈಸೂರು ಶೈಲಿಯ ಚಿತ್ರದ ಚಿನ್ನದ ರೇಕನ್ನು ಯಾವ ಮಾನಿಟರೂ ತೋರಿಸದು. ನೋಡುವವರು ತಲೆ ಕದಲಿಸಿದಂತೆ ಹೊಳಪು ಕದಲುವುದೇ ಚಿನ್ನ. ಅದಕ್ಕೆ ಮೂರು ಅಂಕಿ ಸಾಲುವುದಿಲ್ಲ.

ಫೈಲಿನ ವಿಷಯದಲ್ಲಿ ಎರಡೇ ಮಾತು. ಆರಂಭದಲ್ಲಿ ಎಸ್‌ಆರ್‌ಜಿಬಿಯಲ್ಲೇ ಬರೆಯಿರಿ, ಉಳಿಸುವಾಗ ಪ್ರೊಫೈಲ್ ಸೇರಿಸಿ ಉಳಿಸಿ. ನಿಮ್ಮ ಮಾನಿಟರಿನ ಪ್ರೊಫೈಲನ್ನು ಮಾತ್ರ ಚಿತ್ರದ ಪ್ರೊಫೈಲಾಗಿ ಆರಿಸಬೇಡಿ. ಅದು ಆಪರೇಟಿಂಗ್ ಸಿಸ್ಟಂ ಓದಿಕೊಳ್ಳಬೇಕಾದ ಚೀಟಿ, ಚಿತ್ರದೊಂದಿಗೆ ಊರೂರಿಗೆ ಹೋಗಬೇಕಾದದ್ದಲ್ಲ.

"ನೋಡುವವರ ಮೊಬೈಲುಗಳೆಲ್ಲ ಬೇರೆಬೇರೆ ಇರುವಾಗ ನಾನೊಬ್ಬ ಸರಿಮಾಡಿಕೊಂಡು ಏನು ಪ್ರಯೋಜನ?" ಇದು ತರಗತಿಯಲ್ಲಿ ತಪ್ಪದೆ ಬರುವ ಪ್ರಶ್ನೆ, ಒಳ್ಳೆಯ ಪ್ರಶ್ನೆಯೂ ಹೌದು. ಒಬ್ಬರ ಮೊಬೈಲು ತುಸು ನೀಲಿ, ಇನ್ನೊಬ್ಬರದು ತುಸು ಹಳದಿ. ಮಾನಕದ ಎರಡೂ ಬದಿಗೆ ಚದುರಿರುತ್ತವೆ. ನೀವು ನಡುವೆ ನಿಂತಿದ್ದರೆ ಯಾರಿಗೂ ತೀರಾ ಕೆಟ್ಟದಾಗಿ ಕಾಣುವುದಿಲ್ಲ. ನೀವೇ ಒಂದು ಬದಿಗೆ ವಾಲಿದ್ದರೆ ಆ ಬದಿಯವರಿಗೆ ನಿಮ್ಮ ದೋಷದ ಮೇಲೆ ಅವರ ದೋಷವೂ ಕೂಡುತ್ತದೆ.

ಅಚ್ಚಿಗೆ ಹೋಗುವ ಚಿತ್ರದ ಕತೆ ಇನ್ನೂ ಸ್ವಲ್ಪ ಬೇರೆ. ಆಫ್‌ಸೆಟ್ ಮುದ್ರಣದ ನಾಲ್ಕು ಶಾಯಿಗಳಲ್ಲಿ, ಅಂದರೆ ಸಿಎಂವೈಕೆಯಲ್ಲಿ, ಪರದೆಯ ಎಷ್ಟೋ ಬಣ್ಣಗಳು ಬರುವುದೇ ಇಲ್ಲ. 0, 0, 255ರ ಉಜ್ವಲ ನೀಲಿ ಕಾಗದದ ಮೇಲೆ ನೇರಳೆಗೆ ತಿರುಗುತ್ತದೆ, ಹೊಳೆಯುವ ಗಿಳಿಹಸಿರು ಮಂಕಾಗುತ್ತದೆ. ಅರಿಸಿನದ ಹಳದಿಗೆ ಅಷ್ಟು ತೊಂದರೆಯಿಲ್ಲ. ಫೋಟೋಶಾಪಿನಲ್ಲೂ ಕ್ರಿಟಾದಲ್ಲೂ ಸಾಫ್ಟ್ ಪ್ರೂಫ್ ಎಂಬ ಸೌಲಭ್ಯವಿದೆ. ಪ್ರೆಸ್ಸಿನ ಪ್ರೊಫೈಲ್ ಕೊಟ್ಟರೆ ಕಾಗದದ ಮೇಲೆ ಹೇಗೆ ಬಂದೀತೆಂದು ಪರದೆಯಲ್ಲೇ ಅಂದಾಜು ತೋರಿಸುತ್ತದೆ. ಪ್ರೊಫೈಲ್ ಕೇಳಿದರೆ ಕೆಲವು ಪ್ರೆಸ್ಸುಗಳಲ್ಲಿ "ಸಿಎಂವೈಕೆ ಮಾಡಿ ಕಳಿಸಿ ಸಾಕು" ಎಂಬ ಉತ್ತರ ಸಿಗಬಹುದು. ಆಗ ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಒಂದು ಪುಟದ ಪ್ರೂಫ್ ತೆಗೆಸಿಕೊಡಿ ಎಂದು ಕೇಳಿ, ಅದಕ್ಕೆ ಖರ್ಚಾದರೂ ಸರಿ. ಪ್ರೂಫನ್ನು ಪ್ರೆಸ್ಸಿನ ಮಂದ ದೀಪದ ಕೆಳಗೆ ನೋಡಿ ಸಹಿ ಹಾಕಬೇಡಿ. ಮುದ್ರಣವನ್ನು ನೋಡಲು ನಿಗದಿಯಾಗಿರುವ ಬೆಳಕು ಡಿ50, ಸುಮಾರು 5000 ಕೆಲ್ವಿನ್. ಅಂಥ ದೀಪ ಸಿಗದಿದ್ದರೆ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ನಿಂತು ನೋಡಿ. ಆಗಲೂ ಚಿತ್ರ ಗಾಢವೆನಿಸಿದರೆ ಬಣ್ಣಗಳನ್ನು ತಿದ್ದುವುದಕ್ಕೆ ಮೊದಲು ಮಾನಿಟರಿನ ಬ್ರೈಟ್‌ನೆಸ್ಸನ್ನು ಇನ್ನೊಮ್ಮೆ ಕಾಗದದೊಂದಿಗೆ ಹೋಲಿಸಿ.

ಪೆನ್ನಿನಿಂದ ಪರದೆಯ ಮೇಲೇ ಬರೆಯುವ ಡಿಸ್‌ಪ್ಲೇ ಟ್ಯಾಬ್ಲೆಟ್ ಕೊಂಡವರಿಗೆ ಒಂದು ಸೂಚನೆ. ಅದನ್ನೂ ಮಾನಿಟರನ್ನೂ ಅಕ್ಕಪಕ್ಕ ಇಟ್ಟು, ಎರಡನ್ನೂ ಒಂದೇ ಗುರಿಗೆ ಕ್ಯಾಲಿಬ್ರೇಟ್ ಮಾಡಿದರೂ ಪೂರ್ತಿ ಹೊಂದುವುದು ಅಪರೂಪ. ಎರಡರ ದೀಪ ಬೇರೆ, ಮೇಲಿನ ಗಾಜಿನ ಲೇಪ ಬೇರೆ. ಹೊಂದಿಸಲು ಹೋಗಿ ಭಾನುವಾರಗಳನ್ನು ಕಳೆಯಬೇಡಿ. ಎರಡರಲ್ಲಿ ಡೆಲ್ಟಾ ಇ ಕಡಿಮೆ ಬಂದದ್ದನ್ನು ಬಣ್ಣಕ್ಕೆ ಇಟ್ಟುಕೊಳ್ಳಿ. ಇನ್ನೊಂದರಲ್ಲಿ ಗೆರೆ ಎಳೆಯಿರಿ, ಲೇಯರ್ ಮತ್ತು ಬ್ರಷ್ ಕಿಟಕಿಗಳನ್ನು ಅಲ್ಲಿಗೆ ಎಳೆದು ಬಿಡಿ.